ಪಾಠ ನಾಯಿಗೋ, ಒಡೆಯನಿಗೋ?

ಹಟಮಾರಿ ನಾಯಿಯನ್ನು ಒಂದು ತಿಂಗಳಲ್ಲಿ ವಿಧೇಯಗೊಳಿಸಿಕೊಡುವ ಭರವಸೆ ಇಂದು ಸುಲಭವಾಗಿ ದೊರೆಯುತ್ತದೆ. ನಾಯಿಯನ್ನು ತರಬೇತಿ ಕೇಂದ್ರದಲ್ಲಿ ಬಿಟ್ಟು ಹಣ ಕಟ್ಟಿದರಾಯಿತು. ಮನೆಗೇ ಬಂದು ಕಲಿಸುವವರು ಇನ್ನೊಂದು ದಾರಿ. ನಾಯಿಗಳನ್ನೂ ಒಡೆಯರನ್ನೂ ಒಟ್ಟಿಗೆ ಮೈದಾನದಲ್ಲಿ ಸೇರಿಸುವ ವಾರಾಂತ್ಯದ ತರಗತಿ ಮೂರನೆಯದು. ಇವುಗಳಲ್ಲಿ ಒಡೆಯನಿಗೆ ಶ್ರಮವೇ ಇಲ್ಲದ ಮೊದಲನೆಯದು ನನ್ನ ದೃಷ್ಟಿಯಲ್ಲಿ ಅತ್ಯಂತ ಕಡಿಮೆ ಪ್ರಯೋಜನದ್ದು.

ಹುಣಸೂರು ತಾಲ್ಲೂಕಿನ ಬಿಳಿಕೆರೆಯ ಬಳಿ ನನ್ನ ಅಕ್ಕನ ತೋಟದ ಮನೆಯಿದೆ. ಅಲ್ಲಿನ ಮುಧೋಳ ನಾಯಿಗಾಗಿ ಈ ಮೂರರಲ್ಲಿ ಒಂದನ್ನು ಆರಿಸಬೇಕಾದ ಪ್ರಸಂಗ ನಮಗೆ ಬಂದಿತು. ಮೊಲವೋ ಮೇಕೆಯೋ ಕಣ್ಣಿಗೆ ಬಿದ್ದರೆ ಎಷ್ಟು ಕೂಗಿದರೂ ಅದು ತಿರುಗಿ ನೋಡದು. ಒಂದು ಕಡೆ ಮೈಸೂರು–ಹುಣಸೂರು ಹೆದ್ದಾರಿ. ಕತ್ತಲಾದರೆ ಚಿರತೆಯ ಭಯ. ಕರೆದಾಗ ಬಾರದ ನಾಯಿ ಅಂಥ ಕಡೆ ಹೆಚ್ಚು ಕಾಲ ಉಳಿಯುವುದಿಲ್ಲ. ಕೈ ಕೊಡುವುದು, ಉರುಳುವುದು ಯಾರಿಗೂ ಬೇಕಿರಲಿಲ್ಲ. ಕರೆದರೆ ಬರಬೇಕು, ಅಷ್ಟೆ.

ಇದನ್ನು ಹಟವೆನ್ನುವುದು ಸರಿಯೇ? ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ, ಅಪ್ಪಣೆಗೆ ಕಾಯದೆ ಬೆನ್ನಟ್ಟಲೆಂದು ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿಯಿದು. ನಾವು ಹಟವೆನ್ನುವುದು ಅದರ ಕಸುಬು. ಹಾಗೆಂದು ಅದಕ್ಕೆ ಕಲಿಸಲಾಗದು ಎಂದೇನೂ ಅಲ್ಲ. 2016ರಲ್ಲಿ ಭೂಸೇನೆ ಈ ತಳಿಯ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಕೊಂಡೊಯ್ದಿತ್ತು.

ಬಂಡೀಪುರದ ರಾಣಾನನ್ನು ನೆನೆಯಿರಿ. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಜನರನ್ನು ಕೊಂದ ಹುಲಿಯ ಹೆಜ್ಜೆಯ ಜಾಡು ಹಿಡಿಯಲು ಅರಣ್ಯ ಇಲಾಖೆಗೆ ನೆರವಾದ ಜರ್ಮನ್ ಶೆಫರ್ಡ್ ಅದು. ಅದರ ತರಬೇತಿ ನಡೆದದ್ದು ಭೋಪಾಲದಲ್ಲಿ. ಆದರೆ ನಾಯಿಯೊಂದನ್ನೇ ಅಲ್ಲಿಗೆ ಕಳುಹಿಸಿರಲಿಲ್ಲ. ಅದನ್ನು ನಡೆಸಬೇಕಾದ ಸಿಬ್ಬಂದಿಯೂ ಜೊತೆಯಲ್ಲೇ ಕಲಿತರು. ಸರ್ಕಾರಿ ನಾಯಿಗೇ ಈ ಕ್ರಮ ಅಗತ್ಯವಾದರೆ ಮನೆಯ ನಾಯಿ ಅಪರಿಚಿತನ ಬಳಿ ಕಲಿತದ್ದನ್ನು ನಮ್ಮ ದನಿಗೆ ಒಪ್ಪಿಸೀತೆಂದು ನಂಬುವುದು ಹೇಗೆ?

ಅಕ್ಕ ಆರಿಸಿದ್ದು ಮನೆಗೆ ಬರುವ ತರಬೇತುದಾರರನ್ನು. ಅವರು ಮೊದಲ ದಿನವೇ ಹಗ್ಗವನ್ನು ಅಕ್ಕನ ಕೈಗಿತ್ತರು. ಉದ್ದನೆಯ ಹಗ್ಗ, ಬೇಯಿಸಿದ ಈಲಿಯ ಚೂರು, ದಿನಕ್ಕೆರಡು ಬಾರಿ ಹತ್ತು ನಿಮಿಷ. ಕರೆದಾಗ ಬಂದರೆ ಚೂರು, ಬಾರದಿದ್ದರೆ ಏನೂ ಇಲ್ಲ. ಮೊಲ ಎದುರಾದರೆ ಈಗಲೂ ಹಗ್ಗ ಬೇಕೇ ಬೇಕು.

ಇನ್ನೊಬ್ಬರನ್ನು ನಾವು ಬೇಡವೆಂದದ್ದು ಒಂದೇ ಪ್ರಶ್ನೆಯ ಆಧಾರದ ಮೇಲೆ: ನಾಯಿ ತಪ್ಪಿದರೆ ಏನು ಮಾಡುತ್ತೀರಿ? ಕುತ್ತಿಗೆಗೆ ವಿದ್ಯುತ್ ಆಘಾತ ನೀಡುವ ಪಟ್ಟಿಯನ್ನು ಅವರು ಹೆಮ್ಮೆಯಿಂದ ತೋರಿಸಿದರು. ವೇಲ್ಸ್ 2010ರಲ್ಲೇ ಅದನ್ನು ನಿಷೇಧಿಸಿದೆ. ಪ್ರಾಣಿವರ್ತನೆಯನ್ನು ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ, ನಾಯಿಗಳಿಗೆ ಬಹುಮಾನ ಆಧಾರಿತ ಕಲಿಕೆಯನ್ನಷ್ಟೇ ಬಳಸಬೇಕೆಂದಿತು. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಿದೆ, ನಾಯಿ ಸಾಕಿ ಮಾರುವವರ ನೋಂದಣಿಗೆ 2017ರ ನಿಯಮಗಳಿವೆ. ತರಬೇತುದಾರರು ಈ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೂ ನೋಂದಣಿ ಕಡ್ಡಾಯವಾಗಲಿ. ಅದಕ್ಕೆ ಕಾಯದೆ, ತಾಲ್ಲೂಕು ಪಶು ಆಸ್ಪತ್ರೆಗಳು ತಿಂಗಳಿಗೊಂದು ಬೆಳಿಗ್ಗೆ ನಾಯಿ ಸಾಕುವವರನ್ನು ನಾಯಿಗಳೊಡನೆ ಕರೆಸಿ ಪಾಠ ಹೇಳಬಹುದು. ಹುಣಸೂರಿನಿಂದಲೇ ಇದು ಆರಂಭವಾಗಲಿ.