ಕಾಲು ನೆಲಕ್ಕೆ ಸಿಗದ ಬೈಕು ಮತ್ತು ಇಂಚಿನ ಲೆಕ್ಕ

ಹೀರೋ ಎಕ್ಸ್‌ಪಲ್ಸ್ 200 ಬೈಕಿನ ಸೀಟು ನೆಲದಿಂದ 825 ಮಿಲಿಮೀಟರ್ ಎತ್ತರ. ನಾನು ಐದಡಿ ಒಂದಿಂಚು. ಈ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿದ ಶೋರೂಮ್ ಹುಡುಗನಿಂದ ಹಿಡಿದು ಸೋದರಮಾವನವರೆಗೆ ಎಲ್ಲರದ್ದೂ ಒಂದೇ ಮಾತು: "ಇದು ನಿಂಗೆ ಆಗಲ್ಲಮ್ಮ, ಸ್ಕೂಟರ್ ತಗೋ."

ಕಳೆದ ಸಲ ಕಾಫಿ ತೋಟದ ಮಣ್ಣು ದಾರಿಗಳ ಬಗ್ಗೆ ಬರೆದ ಮೇಲೆ ಬಂದ ಮೆಸೇಜುಗಳಲ್ಲಿ ಬಹುಪಾಲು ಇದೇ ಪ್ರಶ್ನೆ. ಹುಡುಗಿಯರು ಮಾತ್ರ ಅಲ್ಲ, ಐದಡಿ ಮೂರಿಂಚಿನ ಹುಡುಗರೂ ಕೇಳಿದ್ದಾರೆ, ಪಾಪ ಸ್ವಲ್ಪ ಸಂಕೋಚದಿಂದ. ಒಬ್ಬರಂತೂ ಆರು ತಿಂಗಳ ಹಿಂದೆ ತಗೊಂಡ ಬೈಕನ್ನು ಮಾರೋಕೆ ಫೋಟೊ ಹಾಕಿದ್ದಾರಂತೆ. ಸಿಗ್ನಲ್‌ನಲ್ಲಿ ಎರಡು ಸಲ ಬಿದ್ದರು, ಮೂರನೇ ಸಲದ ಧೈರ್ಯ ಇಲ್ಲ. ಅವರಿಗೆ ಹೇಳೋದು ಇಷ್ಟೇ: ಫೋಟೊ ತೆಗೀರಿ, ಒಂದು ಭಾನುವಾರ ಕೊಡಿ. ಬೈಕು ದೊಡ್ಡದಲ್ಲ, ಅದನ್ನು ಬೇರೆ ಯಾರದೋ ಮೈಗೆ ಹೊಂದಿಸಿಟ್ಟಿದ್ದಾರೆ.

ಮೊದಲು ಟೇಪ್ ತಗೊಳ್ಳಿ. ಒಟ್ಟು ಎತ್ತರ ಇಲ್ಲಿ ಲೆಕ್ಕಕ್ಕೇ ಬರಲ್ಲ, ಬೇಕಾದ್ದು ಕಾಲಿನ ಒಳಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕ ಒಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ನನ್ನದು 71 ಸೆಂಟಿಮೀಟರ್. ಒಂದೇ ಎತ್ತರದ ಇಬ್ಬರಲ್ಲಿ ಈ ಅಳತೆ ಮೂರ್ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಆಗಬಹುದು. ಅದಕ್ಕೇ ಗೆಳತಿಗೆ ಸರಿಹೋದ ಬೈಕು ನಿಮಗೆ ಹೋಗದೇ ಇರಬಹುದು. ಟ್ರೇಲ್ ಬೂಟಿನ ದಪ್ಪ ಅಟ್ಟೆ ಎರಡು ಮೂರು ಸೆಂಟಿಮೀಟರ್ ಕೊಡುತ್ತೆ. ಆದ್ದರಿಂದ ಬೈಕಿನ ಮೇಲೆ ಕೂತು ನೋಡುವಾಗ ಬೂಟು ಹಾಕಿಕೊಂಡೇ ನೋಡಿ, ಚಪ್ಪಲಿಯಲ್ಲಿ ಅಲ್ಲ.

ಈಗ ಮುಖ್ಯ ವಿಷಯ, ಅದೂ ಬಿಟ್ಟಿ. ನೀವು ಕೂತಾಗ ಹಿಂದಿನ ಶಾಕ್ ಎಷ್ಟು ಕುಗ್ಗುತ್ತೆ ಅನ್ನೋದಕ್ಕೆ ಸ್ಯಾಗ್ ಅಂತಾರೆ. ಹಿಂದಿನ ಚಕ್ರ ಮೇಲೆ ಕೆಳಗೆ ಓಡಾಡುವ ಒಟ್ಟು ದೂರದಲ್ಲಿ ಮೂರನೇ ಒಂದು ಭಾಗದಷ್ಟು, ನೀವು ಸುಮ್ಮನೆ ಕೂತಾಗಲೇ ಕುಗ್ಗಿರಬೇಕು ಅನ್ನೋದು ಮಣ್ಣು ದಾರಿಯವರ ಹಳೇ ಲೆಕ್ಕ. ಎಕ್ಸ್‌ಪಲ್ಸ್ 200ರಲ್ಲಿ ಆ ಓಡಾಟ 170 ಮಿ.ಮೀ., ಅಂದರೆ ಸ್ಯಾಗ್ 55ರ ಆಸುಪಾಸು. ಆದರೆ ಕಂಪನಿಯವರು ಸ್ಪ್ರಿಂಗ್ ಆರಿಸೋದು ಇಬ್ಬರು ಕೂತು ಲಗೇಜ್ ಕಟ್ಟಿಕೊಂಡು ಹೋಗೋ ಲೆಕ್ಕಕ್ಕೆ. 52 ಕಿಲೋದ ನಾನು ಒಬ್ಬಳೇ ಕೂತರೆ ಅದು ಅಷ್ಟು ಕುಗ್ಗೋದೇ ಇಲ್ಲ. ಹೆಲ್ಮೆಟ್, ಬೂಟು, ಬ್ಯಾಗು ಎಲ್ಲ ಹಾಕಿಕೊಂಡು ಅಳೆದಾಗ ನನ್ನ ಬೈಕಿನಲ್ಲಿ ಬಂದದ್ದು 38 ಮಿ.ಮೀ. ಮಾತ್ರ. ಗಿಡ್ಡಗಿರೋರು ಸಾಮಾನ್ಯವಾಗಿ ಹಗುರವೂ ಇರ್ತಾರೆ, ಹಾಗಾಗಿ ನಮಗೆ ಎರಡು ಕಡೆಯಿಂದ ಏಟು: ಕಾಲೂ ಚಿಕ್ಕದು, ಬೈಕೂ ಕೆಳಗೆ ಇಳಿಯಲ್ಲ.

ಅಳೆಯೋದು ಕಷ್ಟ ಇಲ್ಲ. ಇಬ್ಬರು ಸ್ನೇಹಿತರನ್ನು ಕರೆದು ಹಿಂದಿನ ಚಕ್ರ ನೆಲ ಬಿಡುವಷ್ಟು ಬೈಕು ಎತ್ತಿಸಿ. ಆಕ್ಸಲ್ಲಿನಿಂದ ನೇರ ಮೇಲಕ್ಕೆ ಬಾಡಿಯ ಮೇಲೆ ಒಂದು ಟೇಪು ತುಂಡು ಅಂಟಿಸಿ, ನಡುವಿನ ದೂರ ಬರೆದಿಟ್ಟುಕೊಳ್ಳಿ. ಆಮೇಲೆ ಪೂರ್ತಿ ಗೇರ್ ಹಾಕಿ, ಎರಡೂ ಕಾಲು ಫುಟ್‌ಪೆಗ್ ಮೇಲಿಟ್ಟು ಕೂತು (ಬೈಕನ್ನು ಒಬ್ಬರು ಹಿಡಿದಿರಲಿ), ಅದೇ ದೂರವನ್ನು ಮತ್ತೆ ಅಳೆಸಿ. ಎರಡರ ವ್ಯತ್ಯಾಸವೇ ಸ್ಯಾಗ್. ಎಕ್ಸ್‌ಪಲ್ಸ್‌ನ ಹಿಂದಿನ ಶಾಕ್‌ಗೆ ಹತ್ತು ಹಂತದ ಪ್ರೀಲೋಡ್ ಇದೆ, ಸಿ ಸ್ಪ್ಯಾನರ್ ಹಾಕಿ ತಿರುಗಿಸಿದರಾಯ್ತು. ಅತಿ ಸಡಿಲದ ಹಂತಕ್ಕೆ ತಂದ ಮೇಲೆ ನನಗೆ ಸಿಕ್ಕಿದ್ದು 49. ಹನ್ನೊಂದು ಮಿಲಿಮೀಟರ್ ಅಂದರೆ ಕೈಬೆರಳಿನಷ್ಟೂ ಇಲ್ಲ, ನಗಬೇಡಿ. ಹೆಬ್ಬೆರಳ ತುದಿಯಲ್ಲಿ ನಿಲ್ಲೋದಕ್ಕೂ ಐದೂ ಬೆರಳು ಊರಿ ನಿಲ್ಲೋದಕ್ಕೂ ನಡುವೆ ಇರೋದು ಅಷ್ಟೇ ಅಂತರ.

ಅಷ್ಟಾದರೂ 45 ದಾಟದೇ ಇದ್ದರೆ ಸ್ಪ್ರಿಂಗೇ ನಿಮ್ಮ ತೂಕಕ್ಕೆ ಬಿಗಿ ಅಂತ ಅರ್ಥ. ಕಡಿಮೆ ಬಿಗಿಯ ಸ್ಪ್ರಿಂಗ್ ಹಾಕಿಸಿದರೆ ಬೈಕು ಇಳಿಯೋದಷ್ಟೇ ಅಲ್ಲ, ಕಲ್ಲು ಹಾದಿಯಲ್ಲಿ ಚಕ್ರ ನೆಲಕ್ಕೆ ಅಂಟಿಕೊಂಡು ಹೋಗುತ್ತೆ. ಇಲ್ಲೀತನಕ ಸೊಂಟಕ್ಕೆ ಕುಟ್ಟುತ್ತಿದ್ದದ್ದು ದಾರಿಯಲ್ಲ, ಆ ಸ್ಪ್ರಿಂಗು.

ಎರಡನೆಯದು ಸೀಟು. ಎಲ್ಲರೂ ಫೋಮ್ ಮೇಲಿಂದ ಕತ್ತರಿಸಿ ತೆಳ್ಳಗೆ ಮಾಡಿಸ್ತಾರೆ. ನನ್ನ ಪ್ರಕಾರ ಮೊದಲು ಕತ್ತರಿಸಬೇಕಾದ್ದು ಅಗಲ. ಬೈಕು ನಿಲ್ಲಿಸುವಾಗ ನಾವು ಸೀಟಿನ ಮುಂದಕ್ಕೆ, ಟ್ಯಾಂಕಿನ ಹತ್ತಿರ ಜರುಗ್ತೀವಿ. ಅಲ್ಲಿ ಸೀಟು ಅಗಲ ಇದ್ದರೆ ತೊಡೆ ಹೊರಕ್ಕೆ ಚಾಚಿ, ಕಾಲು ಓರೆಯಾಗಿ ಇಳಿಯುತ್ತೆ, ಉದ್ದ ಅಲ್ಲೇ ಕಳೆದುಹೋಗುತ್ತೆ. ಮುಂಭಾಗದ ಎರಡೂ ಅಂಚನ್ನು ಇಳಿಜಾರಾಗಿ ಕೆತ್ತಿಸಿದರೆ ಕಾಲು ನೇರ ಕೆಳಗೆ ಬರುತ್ತೆ. ಮೇಲಿಂದ ಒಂದೂವರೆ, ಹೆಚ್ಚೆಂದರೆ ಎರಡು ಸೆಂಟಿಮೀಟರ್ ತೆಗೆಸಿ. ಅದಕ್ಕಿಂತ ಹೆಚ್ಚು ತೆಗೆದರೆ ಸಕಲೇಶಪುರ ಮುಟ್ಟೋದರೊಳಗೆ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಪರಿಚಯ ಆಗುತ್ತೆ.

ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದೆ, ಬೇರೆ ಊರುಗಳಲ್ಲೂ ಸೀಟು ಕಟ್ಟೋರು ಇದ್ದೇ ಇರ್ತಾರೆ. ಒಂದು ಮಾತು: ಮೂಲ ಸೀಟಿಗೆ ಚಾಕು ಹಾಕಿಸಬೇಡಿ. ಹಳೇ ಸೀಟೊಂದನ್ನು ಗುಜರಿಯಲ್ಲೋ ಸ್ಪೇರ್ ಅಂಗಡಿಯಲ್ಲೋ ಹುಡುಕಿ ಅದರ ಮೇಲೆ ಪ್ರಯೋಗ ಮಾಡಿಸಿ. ಬೂಟು ಹಾಕಿಕೊಂಡು ಹೋಗಿ, ಅಂಗಡಿ ಮುಂದೆಯೇ ಕೂತು ಪೆನ್ನಿನಲ್ಲಿ ಗುರುತು ಹಾಕಿಸಿ. ರೆಕ್ಸಿನ್ ಹೊಲಿಯೋ ಮುಂಚೆ ಇನ್ನೊಮ್ಮೆ ಕೂತು ನೋಡಿ. ಅವರು ಗೊಣಗಬಹುದು, ಗೊಣಗಲಿ.

ಇಷ್ಟರಲ್ಲೇ ಬಹಳ ಜನಕ್ಕೆ ಕೆಲಸ ಮುಗಿಯುತ್ತೆ. ಮುಗಿಯದಿದ್ದರೆ ಮಾತ್ರ ಬೈಕನ್ನೇ ಇಳಿಸುವ ಮಾತು, ಮತ್ತು ನನಗೆ ಭಯ ಇರೋದು ಇಲ್ಲೇ. "ಎರಡು ಇಂಚು ಇಳಿಸಿಬಿಡೋಣ ಬಿಡಿ" ಅನ್ನೋ ಗ್ಯಾರೇಜುಗಳು ಎಲ್ಲ ಊರಲ್ಲೂ ಇವೆ. ಪರಿಚಯದ ಹುಡುಗಿಯೊಬ್ಬಳ ಬೈಕಿಗೆ ಒಬ್ಬರು ಹಿಂದಿನ ಲಿಂಕ್ ಬದಲಿಸಿ ಒಂದೂಮುಕ್ಕಾಲು ಇಂಚು ಇಳಿಸಿ ಕೊಟ್ಟರು. ಮುಂದಿನ ಫೋರ್ಕ್ ಮುಟ್ಟಲೇ ಇಲ್ಲ. ಹಿಂದೆ ಕುಕ್ಕರುಗಾಲಲ್ಲಿ ಕೂತಂತಾದ ಬೈಕಿನ ಹ್ಯಾಂಡಲ್ ಮಂಕಾಗಿ, ಸಡಿಲ ಜಲ್ಲಿಯ ತಿರುವಿನಲ್ಲಿ ಮುಂದಿನ ಚಕ್ರ ತಿರುಗೋ ಬದಲು ನೇರ ಜಾರಿತು. ಇನ್ನೊಂದು ತಮಾಷೆ ಕೇಳಿ: ಬೈಕು ಇಳಿದ ಮೇಲೆ ಸೈಡ್ ಸ್ಟ್ಯಾಂಡ್ ಉದ್ದ ಆಯ್ತು. ಬೈಕು ಎಡಕ್ಕೆ ವಾಲೋ ಬದಲು ನೆಟ್ಟಗೆ ನಿಂತು, ಗಾಳಿಗೆ ಬಲಕ್ಕೆ ಮಗುಚಿತು, ಅದೂ ಆಫೀಸ್ ಪಾರ್ಕಿಂಗ್‌ನಲ್ಲಿ, ಪಕ್ಕದ ಕಾರಿನ ಮೇಲೆ.

ಮಾಡಿಸೋದಾದರೆ ಹೀಗೆ. ಮುಂದೆ ಫೋರ್ಕ್ ಕೊಳವೆಗಳನ್ನು ಕ್ಲಾಂಪಿನಲ್ಲಿ ಹತ್ತು ಹದಿನೈದು ಮಿ.ಮೀ. ಮೇಲಕ್ಕೆ ಜರುಗಿಸಬಹುದು. ಹಿಂದೆಯೂ ಅದಕ್ಕೆ ಹೊಂದುವಷ್ಟೇ ಇಳಿಸಬೇಕು. ಮುಂದೆ ಮಾತ್ರ ಇಳಿಸಿದರೆ ಇಳಿಜಾರಿನಲ್ಲಿ ಹ್ಯಾಂಡಲ್ ಚಂಚಲ ಆಗುತ್ತೆ. ಎರಡೂ ಕಡೆ ಸೇರಿ ಒಂದು ಇಂಚಿಗೆ ನಿಲ್ಲಿಸಿ. ಆಮೇಲೆ ಇಬ್ಬರು ಹತ್ತಿ ಜೋರಾಗಿ ಕುಕ್ಕಿ ನೋಡಬೇಕು: ಹಿಂದಿನ ಟೈರ್ ಮಡ್‌ಗಾರ್ಡಿಗೆ ತಾಗುತ್ತಾ, ಮುಂದಿನದು ಎಲ್ಲಾದರೂ ಉಜ್ಜುತ್ತಾ, ಬ್ರೇಕ್ ಪೈಪು ಸಿಕ್ಕಿಕೊಳ್ಳುತ್ತಾ. ಚೈನಿನ ಸಡಿಲ ಮತ್ತೆ ಹೊಂದಿಸಿ. ಸೈಡ್ ಸ್ಟ್ಯಾಂಡನ್ನು ಅಷ್ಟೇ ಪ್ರಮಾಣದಲ್ಲಿ ಕತ್ತರಿಸಿ ವೆಲ್ಡ್ ಮಾಡಿಸಿ. ಶಾಕ್ ಮತ್ತು ಫೋರ್ಕ್ ಒಳಗೇ ಸ್ಪೇಸರ್ ಹಾಕಿ ಓಟ ಕಡಿಮೆ ಮಾಡೋದು ಇದಕ್ಕಿಂತ ಅಚ್ಚುಕಟ್ಟು, ಟೈರ್ ತಾಗೋ ರಗಳೆ ಇರಲ್ಲ. ಆದರೆ ಸಸ್ಪೆನ್ಷನ್ ಬಿಚ್ಚಿ ಕಟ್ಟೋದು ಬಲ್ಲವರೇ ಮಾಡಬೇಕು, ದುಡ್ಡೂ ಜಾಸ್ತಿ.

ಒಂದು ಇಂಚಿಗೆ ನಿಲ್ಲಿಸಿ ಅಂದದ್ದು ಯಾಕೆ? ಎಕ್ಸ್‌ಪಲ್ಸ್‌ನ ಹೊಟ್ಟೆ ನೆಲದಿಂದ 220 ಮಿ.ಮೀ. ಮೇಲಿದೆ. ಅದೇ ಮನೆತನದ ರಸ್ತೆ ಬೈಕು 200ಟಿ ನೋಡಿ: ಸೀಟು 799, ಹೊಟ್ಟೆ 178. ಸೀಟಿನಲ್ಲಿ ಉಳಿದದ್ದು ಒಂದು ಇಂಚು, ನೆಲದ ಹತ್ತಿರ ಹೋದದ್ದು ಒಂದೂವರೆಗೂ ಮೇಲೆ. ಮಲೆನಾಡಿನ ದಾರಿಯಲ್ಲಿ ಮಳೆ ಕೊರೆದ ಕೊರಕಲು, ನಡುವೆ ಎದ್ದ ಬೇರು, ಕೋಲಾರದ ಕಡೆ ಹೋದರೆ ಬಂಡೆ. ಎಂಜಿನ್ ಕೆಳಗಿನ ಪ್ರತಿ ಮಿಲಿಮೀಟರ್ ಅಲ್ಲಿ ಬೇಕು. ಕಾಲು ಬೇಕಾಗೋದು ನಿಂತಾಗ, ಅದು ದಿನದಲ್ಲಿ ಹತ್ತಿಪ್ಪತ್ತು ಸಲ. ಹೊಟ್ಟೆಯ ಅಂತರ ಬೇಕಾಗೋದು ದಾರಿಯುದ್ದಕ್ಕೂ.

ಕಾಲಿನ ಚಿಂತೆಯಲ್ಲಿ ಕೈಯನ್ನು ಎಲ್ಲರೂ ಮರೀತಾರೆ. ಚಿಕ್ಕ ಅಂಗೈಗೆ ಕ್ಲಚ್ ಲಿವರ್ ದೂರ ಇದ್ದರೆ ಬೆರಳ ತುದಿಯಲ್ಲಿ ಎಳೀತೀರಿ, ಅರ್ಧ ಬಿಡುವಾಗ ಕೈ ಜಾರುತ್ತೆ, ಎಂಜಿನ್ ಆಫ್ ಆಗುತ್ತೆ, ಬೈಕು ವಾಲುತ್ತೆ. ನಮ್ಮಂಥವರು ಬೀಳೋದರಲ್ಲಿ ದೊಡ್ಡ ಪಾಲು ಇದೇ. ಆಮೇಲೆ ಬೈಯೋದು ಸೀಟಿನ ಎತ್ತರವನ್ನು. ದೂರ ಹೊಂದಿಸಬಹುದಾದ ಲಿವರ್ ಹಾಕಿಸಿ, ಎರಡು ಬೆರಳಲ್ಲಿ ಪೂರ್ತಿ ಎಳೆಯೋಕೆ ಆಗಬೇಕು. ನಿಂತು ಓಡಿಸುವಾಗ ಮಣಿಕಟ್ಟು ಮುರಿದಂತೆ ಆಗದ ಹಾಗೆ ಲಿವರನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ. ಭುಜ ಕಿರಿದಾಗಿದ್ದರೆ ಹ್ಯಾಂಡಲ್‌ಬಾರಿನ ಎರಡೂ ತುದಿಯಲ್ಲಿ ಒಂದೊಂದು ಸೆಂಟಿಮೀಟರ್ ಕತ್ತರಿಸಬಹುದು. ಪಾದ ಚಿಕ್ಕದಿದ್ದರೆ ಗೇರ್ ಲಿವರ್ ಬಿಚ್ಚಿ ಒಂದು ಹಲ್ಲು ಆಚೀಚೆ ಕೂರಿಸಿದರೆ ಬೂಟಿನ ತುದಿಗೆ ಸಿಗುತ್ತೆ. ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಚಿಕ್ಕದು ಹಾಕಿದರೆ ನಡಿಗೆಯ ವೇಗದಲ್ಲೂ ಎಂಜಿನ್ ಕೆಮ್ಮಲ್ಲ. ಹೈವೇಯಲ್ಲಿ ಎಂಜಿನ್ ಸ್ವಲ್ಪ ಕಿರುಚುತ್ತೆ, ಅದು ನಾನು ಸಂತೋಷವಾಗಿ ಕೊಡೋ ಬೆಲೆ.

"ಹಾಗಾದರೆ ಚಿಕ್ಕ ಬೈಕೇ ತಗೊಂಡರೆ?" ಅಂತಲೂ ಕೇಳಿದ್ದೀರಿ. ಅಮೆರಿಕದಲ್ಲಿ ಗಿಡ್ಡಗಿನ ದೊಡ್ಡವರು ಹೀಗೆ ಮಾಡ್ತಾರೆ. ಯಮಾಹಾ ಟಿಟಿ-ಆರ್ 125ಎಲ್ಇ ಥರದ, ಹದಿಹರೆಯದವರಿಗಾಗಿ ಮಾಡಿದ ಬೈಕು: ಸೀಟು 805 ಮಿ.ಮೀ., ತೂಕ 90 ಕಿಲೋ ಆಸುಪಾಸು. ಅಲ್ಲಿ ಸಮಸ್ಯೆ ಉಲ್ಟಾ. ಮಕ್ಕಳ ತೂಕಕ್ಕೆ ಇಟ್ಟ ಸ್ಪ್ರಿಂಗ್ ದೊಡ್ಡವರು ಕೂತ ತಕ್ಷಣ ಪೂರ್ತಿ ಕುಸಿಯುತ್ತೆ. ಬಿಗಿ ಸ್ಪ್ರಿಂಗ್ ಹಾಕಬೇಕು, ಹಾಕಿದರೆ ಸೀಟು ಮತ್ತೆ ಮೇಲೇರುತ್ತೆ, ನಿಂತು ಓಡಿಸೋಕೆ ಹ್ಯಾಂಡಲ್‌ಬಾರ್ ಎತ್ತರಿಸಬೇಕು. ನಮ್ಮಲ್ಲಿ ಕವಾಸಾಕಿ ಮಾರಿದ ಕೆಎಲ್‌ಎಕ್ಸ್ 110, 140 ರಸ್ತೆಗೆ ನೋಂದಣಿ ಆಗದ ಬೈಕುಗಳು, ಪಿಕಪ್‌ನಲ್ಲಿ ಹೇರಿಕೊಂಡು ಟ್ರ್ಯಾಕಿಗೆ ಒಯ್ಯಬೇಕು. ವಾರಾಂತ್ಯಕ್ಕೆ ಸಿಗೋ ಎರಡು ದಿನದಲ್ಲಿ ಆ ಉಸಾಬರಿ ಯಾರಿಗೆ ಬೇಕು?

ಇನ್ನು ಅಭ್ಯಾಸ. ಎರಡೂ ಪಾದ ಊರಬೇಕು ಅನ್ನೋ ಆಸೆ ಬಿಟ್ಟುಬಿಡಿ, ಒಂದು ಗಟ್ಟಿಯಾಗಿ ಸಿಕ್ಕರೆ ಸಾಕು. ನಿಲ್ಲಿಸುವ ಮುಂಚೆಯೇ ಸೀಟಿನಿಂದ ಅರ್ಧ ಕುಂಡಿ ಎಡಕ್ಕೆ ಜಾರಿಸಿ, ಎಡಗಾಲು ಪೂರ್ತಿ ಊರಿ, ಬಲಗಾಲು ಹಿಂದಿನ ಬ್ರೇಕ್ ಮೇಲೇ ಇರಲಿ. ಏರಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ಹಿಡಿದರೆ ಸಡಿಲ ಮಣ್ಣಲ್ಲಿ ಬೈಕು ಹಿಂದಕ್ಕೆ ಜಾರುತ್ತೆ, ಅಲ್ಲಿ ಕಾಪಾಡೋದು ಆ ಬಲಗಾಲೇ. ದಾರಿ ಒಂದು ಪಕ್ಕಕ್ಕೆ ವಾಲಿದ್ದರೆ ದಿಬ್ಬದ ಕಡೆಯ ಕಾಲು ಊರಿ, ಇಳಿಜಾರಿನ ಕಡೆ ಊರಲು ಹೋದರೆ ನೆಲ ಸಿಗಲ್ಲ, ಬೈಕಿನ ಜೊತೆ ನೀವೂ ಕೆಳಗೆ. ನಿಲ್ಲೋ ಜಾಗವನ್ನು ನಾಲ್ಕು ಮಾರು ಮೊದಲೇ ನೋಡಿಟ್ಟುಕೊಳ್ಳೋದು ಕಾಲುದ್ದ ಇರೋರಿಗೆ ಬರದ ವಿದ್ಯೆ, ಅವರಿಗೆ ಅದು ಬೇಕಾಗೋದೇ ಇಲ್ಲ. ಹತ್ತುವಾಗ ಬೈಕನ್ನು ನಿಮ್ಮ ಕಡೆ ಸ್ವಲ್ಪ ವಾಲಿಸಿ, ಮುಂದಿನ ಬ್ರೇಕ್ ಹಿಡಿದು, ಬಲಗಾಲನ್ನು ಸೀಟಿನ ಹಿಂಭಾಗದ ಮೇಲಿಂದ ದಾಟಿಸಿ.

ಬಿದ್ದರೆ ಎತ್ತೋದನ್ನೂ ಮೊದಲೇ ಕಲೀರಿ. 160 ಕಿಲೋ ಹತ್ತಿರದ ತೂಕವನ್ನು ಬಗ್ಗಿ, ಸೊಂಟದ ಬಲದಲ್ಲಿ ಎತ್ತಲು ಹೋಗಬೇಡಿ. ಗೇರಿನಲ್ಲಿ ಹಾಕಿ, ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಹಿಂದಿನ ಗ್ರ್ಯಾಬ್ ರೈಲ್ ಮೇಲೆ ಇಟ್ಟು, ತೊಡೆಯ ಬಲದಲ್ಲಿ ಹಿಂದಕ್ಕೆ ಸಣ್ಣ ಹೆಜ್ಜೆ ಹಾಕುತ್ತಾ ಏಳಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಎತ್ತಿದ ಉತ್ಸಾಹದಲ್ಲಿ ಆ ಕಡೆಗೆ ಬೀಳಿಸ್ತೀರಿ. ಇವನ್ನೆಲ್ಲ ಯಾರಾದರೂ ಎದುರಿಗೆ ನಿಂತು ಹೇಳಿಕೊಡಲಿ ಅನ್ನಿಸಿದರೆ ಕೋಲಾರದ ಹತ್ತಿರ ಬಿಗ್ ರಾಕ್ ಡರ್ಟ್‌ಪಾರ್ಕ್ ಇದೆ. 2015ರಲ್ಲಿ ಡಕಾರ್ ರ‍್ಯಾಲಿಯಲ್ಲಿ ಓಡಿಸಿದ ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಜಾಗ.

ಕಾನೂನಿನ ಬಗ್ಗೆ ಚುಟುಕಾಗಿ: ನೋಂದಣಿ ಪತ್ರದಲ್ಲಿರುವ, ತಯಾರಕರು ಕೊಟ್ಟ ವಿವರಗಳಿಗೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. ಚಾಸಿಸ್ ಕತ್ತರಿಸೋದು, ಬೇರೆ ಎಂಜಿನ್ ಕೂರಿಸೋದು ಬೇಡವೇ ಬೇಡ. ಬಿಚ್ಚಿದ ಮೂಲ ಭಾಗಗಳನ್ನೆಲ್ಲ ಡಬ್ಬಿಗೆ ಹಾಕಿ ಇಟ್ಟುಕೊಳ್ಳಿ, ಯಾವತ್ತಾದರೂ ಮಾರುವಾಗಲೂ ಬೇಕಾಗುತ್ತೆ. ಲಿಂಕ್ ಮುಟ್ಟುವ ಮುಂಚೆ ವಾರಂಟಿ ಕಾಗದ ಓದಿ.

ಫೋಟೊ ಹಾಕಿದವರೇ, ಭಾನುವಾರ ಸ್ಯಾಗ್ ಅಳೆದು ಸಂಖ್ಯೆ ಕಳಿಸಿ. ನಿಮ್ಮ ತೂಕ, ಕಾಲಿನ ಒಳಅಳತೆ, ಪ್ರೀಲೋಡ್ ಎಷ್ಟನೇ ಹಂತದಲ್ಲಿದೆ, ಮೂರನ್ನೂ ಬರೀರಿ. ಬೂಟಿನ ಪ್ರಶ್ನೆಗಳು ಬಹಳ ಇವೆ, ಅವಕ್ಕೆ ಮುಂದಿನ ವಾರ.