ಬೆಟ್ಟದ ತಿಳಿಗೆಂಪು ವೈನ್, ನಮ್ಮ ಹಂದರದ ದ್ರಾಕ್ಷಿ

ಮಾರ್ಚ್ ಬಂತೆಂದರೆ ಜತ್ತ, ಸೊಲ್ಲಾಪುರ ಭಾಗದ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಒಂದೇ ಮಾತು: 'ಈ ಸಲ ರೇಟ್ ಏನೈತ್ರಿ?' ಹಸಿ ಹಣ್ಣಿನ ದರ ಬಿದ್ದರೆ ಶೆಡ್ಡಿಗೆ ಹಾಕಿ ಒಣದ್ರಾಕ್ಷಿ ಮಾಡೋದು, ತಾಸಗಾಂವ ಪೇಟೆಗೆ ಒಯ್ಯೋದು. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಾಲು. ಅಲ್ಲಿ ಸವಾಲಿನಲ್ಲಿ ಕೂಗಿದ್ದೇ ದರ. ಇದರ ಬದಲು ವೈನ್‌ಗೆ ಹಣ್ಣು ಬೆಳೆದರೆ ರೈತನ ಕೈಗೆ ನಾಲ್ಕು ಕಾಸು ಸೇರೀತೇ ಎಂಬ ಪ್ರಶ್ನೆ ಆಗಾಗ ಏಳುತ್ತಲೇ ಇದೆ.

ಮಹಾರಾಷ್ಟ್ರ ಸರಕಾರ 2001ರಲ್ಲೇ ವೈನ್ ನೀತಿ ತಂದಿತು. ನಾಸಿಕದ ವಿಂಚೂರ ಮತ್ತು ಸಾಂಗ್ಲಿ ಜಿಲ್ಲೆಯ ಪಲೂಸದಲ್ಲಿ ವೈನ್ ಪಾರ್ಕ್ ಮಾಡಿತು. ನಾಸಿಕಕ್ಕೆ ಬಂದ ಹೆಸರು ಪಲೂಸಕ್ಕೆ ಬರಲಿಲ್ಲ. 2009ರ ಹೊತ್ತಿಗೆ ಬೇಡಿಕೆ ಕುಸಿದು, ಅನೇಕ ರೈತರು ವೈನ್ ದ್ರಾಕ್ಷಿ ಬಳ್ಳಿಗಳನ್ನೇ ಕಿತ್ತುಹಾಕಬೇಕಾಯಿತು. ಕಾರಣ ಸರಳ. ತಿನ್ನುವ ದ್ರಾಕ್ಷಿ ಮಾರದಿದ್ದರೆ ಒಣಗಿಸಬಹುದು. ಸಣ್ಣ ಕಾಳಿನ, ಬೀಜವುಳ್ಳ ವೈನ್ ದ್ರಾಕ್ಷಿಯನ್ನು ಕಾರ್ಖಾನೆ ಕೊಳ್ಳದಿದ್ದರೆ ಬೇರೆ ಯಾರು ಕೊಳ್ಳಬೇಕು? ದೊಡ್ಡ ಅಂಗಡಿಗಳಲ್ಲಿ ವೈನ್ ಮಾರಲು 2022ರ ಜನವರಿಯಲ್ಲಿ ಸಂಪುಟ ಒಪ್ಪಿತಾದರೂ, ವಿರೋಧ ಎದ್ದು ಅದು ಅಲ್ಲಿಗೇ ನಿಂತಿತು. ಅದೇ ವರ್ಷದ ಡಿಸೆಂಬರ್‌ನಿಂದ ಆಸ್ಟ್ರೇಲಿಯಾದ ದುಬಾರಿ ವೈನ್ ಮೇಲಿನ ಆಮದು ಸುಂಕವೂ ಇಳಿಯತೊಡಗಿದೆ.

ಗಡಿಯಾಚೆಯ ಇನ್ನೊಂದು ಮಂದಿ

ಹಾಗಾದರೆ ಸಣ್ಣ ಹಿಡುವಳಿಯವರು ಬದುಕಿದ್ದು ಎಲ್ಲಿ? ಇಟಲಿಯ ಉತ್ತರ ತುದಿಯಲ್ಲಿ, ಆಲ್ಪ್ಸ್ ಪರ್ವತದ ಮಡಿಲಲ್ಲಿ ದಕ್ಷಿಣ ಟಿರೋಲ್ ಎಂಬ ಸೀಮೆ ಇದೆ. ಅದರ ಕಥೆ ನಮಗೆ ಹೊಸದೆನಿಸದು. ಆಸ್ಟ್ರಿಯಾದಲ್ಲಿದ್ದ ಈ ನಾಡು ಮೊದಲ ಮಹಾಯುದ್ಧದ ನಂತರ, 1919ರ ಒಪ್ಪಂದದಂತೆ ಇಟಲಿಗೆ ಹೋಯಿತು. ಜನರ ಮನೆಮಾತು ಮಾತ್ರ ಜರ್ಮನ್ ಆಗಿಯೇ ಉಳಿಯಿತು. ಮುಸೊಲಿನಿ ಕಾಲದಲ್ಲಿ ಜರ್ಮನ್ ಶಾಲೆಗಳೇ ಮುಚ್ಚಿದ್ದವು. 1972ರ ಸ್ವಾಯತ್ತ ಕಾಯ್ದೆ ಭಾಷೆಗೆ ಗಟ್ಟಿ ನೆಲೆ ಕೊಟ್ಟಿತು.

ಅಲ್ಲಿನ ಹಳೆಯ ಬೆಳೆ ಒಂದು ಕೆಂಪು ದ್ರಾಕ್ಷಿ. ಜರ್ಮನ್‌ನಲ್ಲಿ ಫೆರ್ನಾಚ್, ಇಟಾಲಿಯನ್‌ನಲ್ಲಿ ಸ್ಕಿಯಾವಾ. ಅದರ ವೈನ್ ತಿಳಿಗೆಂಪು, ಒಗರು ಕಡಿಮೆ, ತುಸು ತಂಪಾಗಿಸಿ ಊಟದ ಜತೆ ಕುಡಿಯುವಂಥದ್ದು. ಬಳ್ಳಿ ಹಬ್ಬಿಸುವುದು ನಮ್ಮ ಹಂದರದಂಥದೇ ಚಪ್ಪರದ ಮೇಲೆ. ಒಂದು ಕುಟುಂಬಕ್ಕೆ ಸರಾಸರಿ ಎರಡೂವರೆ ಎಕರೆ ಆಸುಪಾಸು ತೋಟ. ಇಷ್ಟರಲ್ಲಿ ಸ್ವಂತ ಕಾರ್ಖಾನೆ ಎಲ್ಲರಿಂದಲೂ ಆಗೋ ಮಾತಲ್ಲ. ಹಾಗಾಗಿ 1893ರಲ್ಲಿ ಅಂಡ್ರಿಯಾನ್ ಎಂಬ ಊರಿನವರು ಸಹಕಾರಿ ವೈನ್ ಸಂಘ ಕಟ್ಟಿದರು. ಇಂದು ಆ ಸೀಮೆಯ ವೈನ್‌ನ ಮೂರರಲ್ಲಿ ಎರಡು ಪಾಲು ಬರುವುದು ಇಂಥ ಸಂಘಗಳಿಂದಲೇ. ಶೀಶೆಯ ಮೇಲೆ ಸೀಮೆಯ ಹೆಸರು ಎರಡೂ ಭಾಷೆಯಲ್ಲಿರುತ್ತದೆ.

ಅವರೂ ಎಡವಿದ್ದಾರೆ. ಒಂದು ಕಾಲಕ್ಕೆ ತೋಟಗಳಲ್ಲಿ ಅರ್ಧಕ್ಕೂ ಹೆಚ್ಚು ಇದೇ ದ್ರಾಕ್ಷಿಯಿತ್ತು. ತೂಕದ ಆಸೆಗೆ ಬಳ್ಳಿ ಮೇಲೆ ಬೇಕಾಬಿಟ್ಟಿ ಗೊನೆ ಬಿಟ್ಟರು. ವೈನ್ ನೀರಾಯಿತು, ಹೆಸರು ಕೆಟ್ಟಿತು, ಬಹಳಷ್ಟು ತೋಟ ಬೇರೆ ತಳಿಗೆ ಹೋಯಿತು. ಹಳೆಯ ಬಳ್ಳಿ ಉಳಿಸಿಕೊಂಡು ಇಳುವರಿ ತಗ್ಗಿಸಿದವರ ವೈನ್‌ಗೆ ಈಗ ಮತ್ತೆ ಬೆಲೆ ಬಂದಿದೆ.

ನಮಗೇನು ಪಾಠ?

ಹಂಗಂತ ನಾಳೆಯೇ ವೈನ್ ದ್ರಾಕ್ಷಿ ನಾಟಿ ಮಾಡಿ ಎಂದು ಹೇಳಲಾಗದು. ಕುಡಿತದಿಂದ ಮನೆ ಮುರಿದಿರುವ ಊರುಗಳಲ್ಲಿ ಹೆಣ್ಣುಮಕ್ಕಳು ಎತ್ತುವ ತಕರಾರನ್ನು ತಳ್ಳಿಹಾಕುವಂತೆಯೂ ಇಲ್ಲ. ಟಿರೋಲ್‌ನವರ ಗುಟ್ಟು ಬರೀ ವೈನ್‌ನಲ್ಲಿಲ್ಲ. ಕೂಡಿ ಮಾರುವುದರಲ್ಲಿ, ಗುಣಮಟ್ಟ ಕಾಯುವುದರಲ್ಲಿ, ಮಾಲಿನ ಮೇಲೆ ಊರ ಹೆಸರು ಹಾಕುವುದರಲ್ಲಿ ಇದೆ. ಇದು ಒಣದ್ರಾಕ್ಷಿಗೂ ಸಲ್ಲುತ್ತದೆ. ಸಾಂಗ್ಲಿ ಒಣದ್ರಾಕ್ಷಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಜತ್ತವೂ ಅದೇ ಜಿಲ್ಲೆಯಲ್ಲಿದೆ. ಆದರೆ ಒಬ್ಬೊಬ್ಬರೇ ಚೀಲ ಹೊತ್ತು ಪೇಟೆಗೆ ಹೋದರೆ ಆ ಗುರುತಿನ ಲಾಭ ವ್ಯಾಪಾರಿಗೇ ಹೊರತು ಬೆಳೆಗಾರನಿಗಲ್ಲ.

ಹತ್ತು ಮನೆಯವರು ಕೂಡಿ, ಮಾಲು ಆರಿಸಿ, ಪೊಟ್ಟಣದ ಮೇಲೆ ಮರಾಠಿ ಜತೆ ಕನ್ನಡದಲ್ಲೂ ಊರ ಹೆಸರು ಬರೆಸುವುದಕ್ಕೆ ಯಾವ ಸರಕಾರದ ನೀತಿಯೂ ಬೇಕಿಲ್ಲ. ಮುಂದಿನ ಅಕ್ಟೋಬರ್ ಚಾಟ್ನಿಗೆ ಮುಂಚೆ ನಮ್ಮ ಮಂದಿ ಒಮ್ಮೆ ಕೂತು ಮಾತಾಡಲಿ.