ನಮ್ಮ ಮನಿ ವ್ಯಾನ್ ಕಥಿ, ಭಾಗ 3: ಓಮ್ನಿನೋ, ಈಕೋನೋ?

ದೋಸ್ತರ, ಮನ್ಯಾಗ ಜಗಳ ಇನ್ನೂ ಮುಗಿದಿಲ್ಲ. ಅಪ್ಪಗ ಓಮ್ನಿನ ಬೇಕು. ದಿನಾ ಮೇಲವಂಕಿಯಿಂದ ಗೋಕಾಕಕ್ಕ ಕಾಯಿಪಲ್ಲೆ, ಭಾರತ ಹುಣ್ಣಿಮಿಗೆ ಯಲ್ಲಮ್ಮನ ಗುಡ್ಡಕ್ಕ ಮಂದಿ. "ಕಡಿಮಿ ರೊಕ್ಕ, ಎಲ್ಲಾ ಮಿಸ್ತ್ರಿಗೂ ಗೊತ್ತಿರೋ ಗಾಡಿ" ಅಂತಾರ. ಖರೇನ, 1984ರಿಂದ 2019ರತನಕ ಬಂದ ಗಾಡಿ ಅದು.

ಆದ್ರ ಓಮ್ನಿಗೆ ಮುಂದ ಮೂತಿನ ಇಲ್ಲ. ಎಂಜಿನ್ ಸೀಟಿನ ಕೆಳಗ. ಗುದ್ದಿದ್ರ ಮೊದಲು ಸಿಗೋದು ಡ್ರೈವರನ ಮೊಣಕಾಲು. ಹಿಂದ ಲೈಟ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ನಿಲ್ಲೋ ನಮ್ಮ ರಸ್ತೆದಾಗ, ರಾತ್ರಿ ಆ ಸೀಟಿನ್ಯಾಗ ಕೂಡೋರು ನಮ್ಮಪ್ಪ.

ಹಂಗಂತ ಈಕೋ ಏನು ಉಕ್ಕಿನ ಕೋಟಿ ಅಲ್ಲ ಮತ್ತ. 2016ರ ಗ್ಲೋಬಲ್ ಎನ್‌ಕ್ಯಾಪ್ ಟೆಸ್ಟಿನಾಗ ಏರ್‌ಬ್ಯಾಗ್ ಇಲ್ಲದ ಈಕೋಗೆ ಸಿಕ್ಕಿದ್ದು ಸೊನ್ನೆ ಸ್ಟಾರ್! ಅದಕ್ಕ ನನ್ನ ಹಟ ಒಂದ: 2019ರ ಜುಲೈ ನಂತರದ್ದ ತಗೋಬೇಕು. ಆ ಹೊತ್ತಿಗೆ ಡ್ರೈವರ್ ಏರ್‌ಬ್ಯಾಗ್, ಎಬಿಎಸ್ ಎರಡೂ ಕಡ್ಡಾಯ ಆಗಿದ್ವು. ರೊಕ್ಕ ಜಾಸ್ತಿ ಆಗ್ತದ, ಗೊತ್ತು. ಮ್ಯೂಸಿಕ್ ಸಿಸ್ಟಮ್, ಸೀಟ್ ಕವರ್ ಆಮ್ಯಾಲೆ ನೋಡೋಣು.

ಐದು ಸೀಟಿನ ಗಾಡಿಗೆ ಅವ್ವ ಆಗಲೇ ಹನ್ನೊಂದು ಮಂದಿ ಎಣಿಸ್ಯಾಳ. ಅದು ಬ್ಯಾರೆ ಜಗಳ.

ನಾಳೆ ಸಂಕೇಶ್ವರದಾಗ ಒಂದು ನೋಡಾಕ ಹೊಂಟೇವಿ. ಆರ್‌ಸಿ, ಇನ್ಶೂರೆನ್ಸ್ ಅಪ್ಪ ನೋಡ್ತಾರ. ಕೆಳಗ ಮಲಗಿ ತುಕ್ಕು ನೋಡೋ ಕೆಲಸ ನಂದು.